ಹೊರದೇಶದ ಓದು ಮತ್ತು ಕಾಯಂ ವಾಸ: ಕೋರ್ಸು ಆರಿಸುವ ಮುನ್ನ ತಿಳಿಯಬೇಕಾದದ್ದು



ಹಲಗೇರಿ, ರಾಣೇಬೆನ್ನೂರು, ಬ್ಯಾಡಗಿ ಭಾಗದ ಅಡಿಕೆ ಬೆಳೆಗಾರರು ಈಗೀಗ ಸಂಘಕ್ಕೆ ಬಂದಾಗ ಧಾರಣೆಯ ಜೊತೆಗೆ ಮತ್ತೊಂದು ಮಾತನ್ನೂ ಕೇಳುತ್ತಾರೆ. ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಓದಲು ಕಳಿಸಬೇಕು. ಓದು ಮುಗಿದ ಮೇಲೆ ಅಲ್ಲಿಯೇ ನೆಲೆಸಲು ಅನುಕೂಲವಾಗುವ ಕೋರ್ಸು ಯಾವುದು ಎಂಬುದು ಪ್ರಶ್ನೆ. ಖರ್ಚು ಹತ್ತಾರು ಲಕ್ಷದ್ದು. ಎರಡು-ಮೂರು ಎಕರೆ ತೋಟವಿರುವ ಕುಟುಂಬಕ್ಕೆ ಇದು ತೋಟವನ್ನೇ ಪಣಕ್ಕಿಟ್ಟಂತೆ. ಆದ್ದರಿಂದ ಮುಖ್ಯ ಅಂಶಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಕಾಯಂ ವಾಸ ಕಾಲೇಜಿನ ಕೈಯಲ್ಲಿಲ್ಲ

ಪಿ.ಆರ್. ಎಂದು ಕರೆಯುವ ಕಾಯಂ ವಾಸದ ಹಕ್ಕನ್ನು ಯಾವ ಕಾಲೇಜೂ ಕೊಡಲಾರದು. ಅದು ಆಯಾ ಸರ್ಕಾರದ ಅಧಿಕಾರ. ಸಾಮಾನ್ಯವಾಗಿ ನಾಲ್ಕು ಹಂತಗಳನ್ನು ದಾಟಬೇಕು: ವಿದ್ಯಾರ್ಥಿ ವೀಸಾ, ಓದಿನ ನಂತರ ಕೆಲವು ಕಾಲ ದುಡಿಯಲು ಪರವಾನಗಿ, ಓದಿಗೆ ತಕ್ಕ ನೌಕರಿ, ಕೊನೆಗೆ ಕಾಯಂ ವಾಸದ ಅರ್ಜಿ. ಅಡಿಕೆ ಸಸಿ ನೆಟ್ಟ ಮಾತ್ರಕ್ಕೆ ಗೊನೆ ಕೈಗೆ ಬರುವುದಿಲ್ಲ. ಹಾಗೆಯೇ ಪ್ರವೇಶ ಸಿಕ್ಕ ಮಾತ್ರಕ್ಕೆ ನೆಲೆ ಸಿಕ್ಕಿತೆಂದು ತಿಳಿಯಬಾರದು. ಆಯ್ಕೆಯನ್ನು ಕೊನೆಯಿಂದ ಆರಂಭಿಸುವುದು ಮೇಲು. ಮೊದಲು ಅಲ್ಲಿ ಬೇಡಿಕೆಯಿರುವ ವೃತ್ತಿ, ಅದಕ್ಕೆ ಬೇಕಾದ ಪದವಿ, ಆ ಪದವಿಗೆ ದುಡಿಮೆಯ ಪರವಾನಗಿ ಉಂಟೋ ಇಲ್ಲವೋ ಎಂಬುದು. ಕಾಲೇಜಿನ ಹೆಸರು ಆಮೇಲೆ.

ದೇಶವಾರು ಸ್ಥಿತಿ

ಕೆನಡ: ಇಲ್ಲಿ ನಿಯಮಗಳು ಬಹಳ ಬಿಗಿಯಾಗಿವೆ. 2024ರ ಜನವರಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಲಾಯಿತು. 2024ರ ನವೆಂಬರ್ 1ರಿಂದ ವಿದ್ಯಾರ್ಥಿ ಪರವಾನಗಿಗೆ ಅರ್ಜಿ ಹಾಕಿದವರು ಡಿಪ್ಲೊಮಾ ಓದಿದರೆ, ಆ ವಿಷಯವು ಸರ್ಕಾರದ ಪಟ್ಟಿಯಲ್ಲಿದ್ದರೆ ಮಾತ್ರ ಓದಿನ ನಂತರ ದುಡಿಯಲು ಪರವಾನಗಿ. ಬಿಸಿನೆಸ್ ಮ್ಯಾನೇಜ್‌ಮೆಂಟ್ ಎಂಬ ಸಾಮಾನ್ಯ ಡಿಪ್ಲೊಮಾಕ್ಕೆ ಹಣ ಕಟ್ಟುವವರು ಇದನ್ನು ಅವಶ್ಯ ಗಮನಿಸಬೇಕು. ವಿಶ್ವವಿದ್ಯಾಲಯದ ಪದವಿ, ಸ್ನಾತಕೋತ್ತರ ಪದವಿಗಳಿಗೆ ಈ ಪಟ್ಟಿಯ ನಿಬಂಧನೆಯಿಲ್ಲ. ಆದರೆ ಭಾಷಾ ಪರೀಕ್ಷೆ ಇದೆ. ಅಲ್ಲಿನ ಅನುಭವದ ಆಧಾರದ ಮೇಲೆ ಕಾಯಂ ವಾಸ ಕೇಳಲು ಕನಿಷ್ಠ ಒಂದು ವರ್ಷದ ಕುಶಲ ನೌಕರಿ ಬೇಕು. ಓದುತ್ತಿರುವಾಗ ಮಾಡಿದ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿ ಹಾಕಿದವರಲ್ಲಿ ಹೆಚ್ಚು ಅಂಕ ಪಡೆದವರಿಗೇ ಕರೆ. ವಯಸ್ಸು 30 ದಾಟಿದಂತೆ ಅಂಕ ಇಳಿಯುತ್ತದೆ.

ಜರ್ಮನಿ: ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಕೆಲವೆಡೆ ಮಾತ್ರ ಉಂಟು. ಕೃಷಿ ಶಿಕ್ಷಣಕ್ಕೆ ಹೆಸರಾದ ಹೋಹೆನ್‌ಹೈಮ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು 2017ರಿಂದ ನಮ್ಮಂಥ ಹೊರದೇಶದವರಿಗೆ ಅರ್ಧವರ್ಷಕ್ಕೆ 1,500 ಯೂರೋ ವಿಧಿಸಿದೆ. ವರ್ಷದ ಜೀವನ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ 11,904 ಯೂರೋ ಎಂದು ನಿಗದಿಯಾಯಿತು. ಪದವಿಯ ನಂತರ ನೌಕರಿ ಹುಡುಕಲು 18 ತಿಂಗಳ ಅವಕಾಶ. ಅಲ್ಲಿಯ ಪದವಿಗೆ ತಕ್ಕ ಕೆಲಸ ಎರಡು ವರ್ಷ ಮಾಡಿ, ಪಿಂಚಣಿ ವಂತಿಗೆ ಕಟ್ಟಿ, ಜರ್ಮನ್ ಭಾಷೆಯಲ್ಲಿ ಬಿ-1 ಮಟ್ಟ ಮುಟ್ಟಿದವರು ಕಾಯಂ ವಾಸ ಕೇಳಬಹುದು. ಹನುಮನಮಟ್ಟಿಯ ಕೃಷಿ ಮಹಾವಿದ್ಯಾಲಯದಲ್ಲಿ ಓದುತ್ತಿರುವ ನಮ್ಮ ಮಕ್ಕಳು ಈ ದಾರಿಯನ್ನು ವಿಚಾರಿಸಬಹುದು. ಆದರೆ ಭಾಷೆ ಕಲಿಯಲು ಬೇಸರಪಡುವವರಿಗೆ ಇದು ಸಲ್ಲದು.

ಆಸ್ಟ್ರೇಲಿಯ: ವೃತ್ತಿಗಳ ಪಟ್ಟಿ, ಕೌಶಲ ಪರೀಕ್ಷೆ ಮತ್ತು ಅಂಕಗಳ ಮೇಲೆ ಕಾಯಂ ವಾಸ ನಿಂತಿದೆ. ಓದಿನ ನಂತರದ ವೀಸಾಕ್ಕೆ 2024ರ ಜುಲೈಯಿಂದ ಬಹುತೇಕರಿಗೆ ವಯಸ್ಸಿನ ಮಿತಿ 35.

ಬ್ರಿಟನ್: ಕುಶಲ ನೌಕರರಿಗೆ ಕಾಯಂ ವಾಸಕ್ಕೆ ಬೇಕಾದ ವರ್ಷಗಳಲ್ಲಿ ಓದಿನ ವರ್ಷಗಳು ಸೇರುವುದಿಲ್ಲ. ಪದವಿ, ಸ್ನಾತಕೋತ್ತರ ಪದವಿ ಮುಗಿಸಿ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಓದಿನ ನಂತರದ ವೀಸಾ ಎರಡು ವರ್ಷದ ಬದಲು 18 ತಿಂಗಳು ಎಂದು ಗೊತ್ತುಮಾಡಲಾಗಿದೆ.

ಅಮೆರಿಕ: ಒಂದು ದೇಶದವರಿಗೆ ವರ್ಷದ ಹಸಿರು ಕಾರ್ಡುಗಳಲ್ಲಿ ಶೇಕಡ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಬಹು ಉದ್ದ. ಕಾಯಂ ವಾಸವನ್ನೇ ಗುರಿಯಾಗಿಟ್ಟವರು ಇದನ್ನು ಮೊದಲ ಆಯ್ಕೆ ಮಾಡಿಕೊಳ್ಳದಿರುವುದು ಒಳ್ಳೆಯದು.

ವೈದ್ಯಕೀಯ ಓದಿನ ವಿಷಯ ಬೇರೆ

ನಮ್ಮ ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಯುದ್ಧಕ್ಕೆ ಬಲಿಯಾದದ್ದನ್ನು ಈ ಭಾಗದವರು ಮರೆಯಲಾರರು. ಅಂಥ ದೇಶಗಳಿಗೆ ನಮ್ಮ ಮಕ್ಕಳು ಹೋಗುವುದು ಹೆಚ್ಚಾಗಿ ಡಾಕ್ಟರಾಗಿ ಹಿಂತಿರುಗಲು, ಅಲ್ಲಿ ನೆಲೆಸಲು ಅಲ್ಲ. ಹಿಂತಿರುಗಿ ವೃತ್ತಿ ಮಾಡಲು ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ 54 ತಿಂಗಳ ಇಂಗ್ಲಿಷ್ ಮಾಧ್ಯಮದ ಕೋರ್ಸು ಮತ್ತು ಅದೇ ಸಂಸ್ಥೆಯಲ್ಲಿ 12 ತಿಂಗಳ ತರಬೇತಿಯೂ ಆಗಬೇಕು. ಮೇಲೆ ಇಲ್ಲಿಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹಿಂತಿರುಗುವ ಓದೋ, ನೆಲೆಸುವ ಓದೋ ಎಂಬುದನ್ನು ಮನೆಯವರೆಲ್ಲ ಕುಳಿತು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಸಾಲ ಮತ್ತು ತೋಟ

ಶಿಕ್ಷಣ ಸಾಲಕ್ಕೆ ತೋಟದ ಉತಾರ ಸಾಕೆಂದು ಹಲವರು ನಂಬಿದ್ದಾರೆ. 2002ರ ಸರ್ಫೇಸಿ ಕಾಯಿದೆಯು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಬ್ಯಾಂಕುಗಳು ಸಾಮಾನ್ಯವಾಗಿ ತೋಟವನ್ನು ಒಪ್ಪದೆ ಮನೆ, ನಿವೇಶನ, ಠೇವಣಿಯಂಥ ಭದ್ರತೆ ಕೇಳುತ್ತವೆ. ಆಗ ಕೈಸಾಲಕ್ಕೆ ಹೋಗುವುದು, ಫಸಲನ್ನು ವರ್ಷಗಟ್ಟಲೆ ಚೇಣಿಗೆ ಬರೆದುಕೊಟ್ಟು ಮುಂಗಡ ತರುವುದು, ಬೆಳೆ ಸಾಲವನ್ನು ಇದಕ್ಕೆ ತಿರುಗಿಸುವುದು ಇವೆಲ್ಲ ಅಪಾಯದ ದಾರಿಗಳು.

ಒಂದು ಲೆಕ್ಕ ನೋಡಿ. 30 ಲಕ್ಷ ಸಾಲ, ಶೇಕಡ 10 ಬಡ್ಡಿ ಎಂದಿಟ್ಟುಕೊಳ್ಳೋಣ. ಎಲ್ಲವನ್ನೂ ಮೊದಲೇ ಪಡೆದು, ಎರಡು ವರ್ಷ ಓದಿ, ಮತ್ತೊಂದು ವರ್ಷದ ಬಿಡುವನ್ನೂ ಬಳಸಿಕೊಂಡರೆ ಸರಳ ಬಡ್ಡಿಯೇ 9 ಲಕ್ಷ. ಒಟ್ಟು 39 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 51,500 ರೂಪಾಯಿ ಕಂತು. ಹುಡುಗನಿಗೆ ಒಂದು ವರ್ಷ ನೌಕರಿ ಸಿಗದಿದ್ದರೆ ಈ ಕಂತನ್ನು ತೋಟ ಹೊರಬಲ್ಲುದೇ? ಧಾರಣೆ ಇಳಿದ ವರ್ಷದ ಆದಾಯ ಹಿಡಿದು ಉತ್ತರ ಕಂಡುಕೊಳ್ಳಬೇಕು, ಏರಿದ ವರ್ಷದ್ದು ಹಿಡಿದಲ್ಲ.

ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳು ರಾಜ್ಯ ಸರ್ಕಾರದ ಪ್ರಬುದ್ಧ ವಿದ್ಯಾರ್ಥಿವೇತನದ ಬಗ್ಗೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಬೇಕು.

ಜಮೀನಿನ ಕುರಿತು ಇನ್ನೊಂದು ಮಾತು. ಪಿ.ಆರ್. ಪಡೆದ ಮಾತ್ರಕ್ಕೆ ಭಾರತದ ಪೌರತ್ವ ಹೋಗುವುದಿಲ್ಲ. ಹೊರಗೆ ನೆಲೆಸಿದ ಮಗನಿಗೆ ತೋಟವು ವಾರಸಿನಿಂದ ಬರಬಹುದು. ಆದರೆ ಅಲ್ಲಿ ವಾಸವಾಗಿರುವಾಗ ಹೊಸದಾಗಿ ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಒಮ್ಮೆ ಮಾರಿದ ತೋಟವನ್ನು ಮಗ ದುಡಿದು ತಿರುಗಿ ಕೊಂಡಾನು ಎಂಬ ಲೆಕ್ಕ ಅಷ್ಟು ಸುಲಭವಲ್ಲ.

ಹಣ ಕಟ್ಟುವ ಮುನ್ನ

ವಿದ್ಯಾರ್ಥಿಯನ್ನು ಕಳಿಸಿಕೊಟ್ಟದ್ದಕ್ಕೆ ಅಲ್ಲಿನ ಕಾಲೇಜುಗಳು ಏಜೆಂಟರಿಗೆ ದಲಾಲಿ ಕೊಡುವುದು ರೂಢಿ. ದಲಾಲಿ ಯಾರ ಕಡೆಯದು ಎಂದು ನೋಡುವ ಅಭ್ಯಾಸ ಅಡಿಕೆ ಮಾರುವ ನಮಗೆ ಉಂಟು. ಇಲ್ಲಿಯೂ ಅದನ್ನು ಬಿಡಬಾರದು. ಏಜೆಂಟರು ಕೊಟ್ಟಿದ್ದ ಪ್ರವೇಶ ಪತ್ರವೇ ನಕಲಿ ಎಂದು ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ ತಿಳಿದು, ಭಾರತದ ಹಲವು ವಿದ್ಯಾರ್ಥಿಗಳು 2023ರಲ್ಲಿ ಕೆನಡದಲ್ಲಿ ಗಡೀಪಾರಿನ ಭೀತಿಗೆ ಸಿಕ್ಕಿದ್ದರು.

1. ಪ್ರವೇಶ ಪತ್ರ ನಿಜವೇ ಎಂದು ಕಾಲೇಜಿಗೇ ನೇರವಾಗಿ ಬರೆದು ಕೇಳಿರಿ.
2. ಈ ಕೋರ್ಸಿಗೆ ಓದಿನ ನಂತರ ದುಡಿಯಲು ಪರವಾನಗಿ ಉಂಟೇ, ಎಷ್ಟು ಕಾಲ ಎಂಬುದನ್ನು ಆ ದೇಶದ ಸರ್ಕಾರಿ ಜಾಲತಾಣದಲ್ಲೇ ಓದಿರಿ. ನಿಯಮಗಳು ಬದಲಾಗುತ್ತಿರುವುದರಿಂದ ಹಣ ಕಟ್ಟುವ ವಾರದಲ್ಲಿ ಮತ್ತೊಮ್ಮೆ ನೋಡಿರಿ.
3. ಶುಲ್ಕವನ್ನು ಕಾಲೇಜಿನ ಖಾತೆಗೇ ಕಟ್ಟಿರಿ.
4. ಪಿ.ಆರ್. ಖಚಿತ ಎನ್ನುವವರ ಬಾಗಿಲಿನಿಂದ ಹಿಂತಿರುಗಿರಿ.

ಸಸಿ ಕೊಳ್ಳುವಾಗ ತಾಯಿಮರವನ್ನು ಕಣ್ಣಾರೆ ನೋಡಿ ಬರುವ ನಾವು ಮಕ್ಕಳ ಬಾಳಿನ ವಿಷಯದಲ್ಲಿ ಅಷ್ಟಾದರೂ ಎಚ್ಚರ ವಹಿಸಬೇಕು. ಮಕ್ಕಳು ದೂರ ಹೋಗಿ ಏಳಿಗೆ ಹೊಂದಲಿ. ಹೋದ ದಾರಿ ಸರಿಬೀಳದಿದ್ದರೆ ಹಿಂತಿರುಗಲು ತೋಟವೂ ಉಳಿದಿರಲಿ ಎಂಬುದು ನಮ್ಮ ಆಶಯ.