ಕೊನೆಯವರ ಜೊತೆ ನಡೆಯುವವರು

ಸಕ್ಕರೆ ಕಾಯಿಲೆ ಇದೆಯೆಂದು ರಿಪೋರ್ಟ್ ಬಂದ ಮರುದಿನವೇ ಅನೇಕರು ನಡಿಗೆ ಆರಂಭಿಸುತ್ತಾರೆ. ಹೊಸ ಶೂ ಬರುತ್ತದೆ. ಫಜ್ರ್ ನಮಾಝ್ ಮುಗಿಸಿ ನೇರವಾಗಿ ಮೈದಾನಕ್ಕೆ ಹೋಗುತ್ತಾರೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಒಂದು ದಿನ ಮಳೆ, ಇನ್ನೊಂದು ದಿನ ನೆಂಟರು, ಮತ್ತೊಂದು ದಿನ ಮಂಡಿನೋವು. ಶೂ ಮಂಚದ ಕೆಳಗೆ ಸೇರುತ್ತದೆ. ಆರು ತಿಂಗಳ ನಂತರ ದವಾಖಾನೆಗೆ ಬಂದಾಗ ಸಕ್ಕರೆ ಇಳಿದಿರುವುದಿಲ್ಲ. ವ್ಯಾಯಾಮ ಒಳ್ಳೆಯದೆಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಮೈದಾನದಲ್ಲಿ ಇವರಿಗಾಗಿ ಕಾಯುವವರು ಯಾರೂ ಇಲ್ಲ, ಅಷ್ಟೇ.

ಓಟದ ಕೂಟಗಳಲ್ಲಿ ಹಳೆಯ ಸದಸ್ಯರು ಮಾಡುವ ಕೆಲಸ ಇದೇ: ಅವರು ಕಾಯುತ್ತಾರೆ. ಬೆಂಗಳೂರಿನಲ್ಲಿ 2008ರಲ್ಲಿ 10 ಕಿ.ಮೀ. ಓಟದ ದೊಡ್ಡ ಸ್ಪರ್ಧೆ ಆರಂಭವಾದ ಮೇಲೆ ಅಲ್ಲಿನ ಉದ್ಯಾನಗಳಲ್ಲಿ ಇಂಥ ಕೂಟಗಳು ಬೆಳೆದವು. ನಮ್ಮ ಮೈಸೂರಿನ ಪಕ್ಕದ ಶ್ರೀರಂಗಪಟ್ಟಣದಲ್ಲೂ ನಾಲೆಯ ಪಕ್ಕದ ಮಣ್ಣುದಾರಿಯಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತದೆ. ಇಂಥ ಓಟಗಳಲ್ಲಿ 'ಪೇಸರ್' ಎಂಬವರಿರುತ್ತಾರೆ. ಕೈಯಲ್ಲಿ ಒಂದು ಬಾವುಟ, ಅದರ ಮೇಲೆ ಓಟ ಮುಗಿಸಬೇಕಾದ ಸಮಯ. ತಾವು ಇನ್ನೂ ವೇಗವಾಗಿ ಓಡಬಲ್ಲವರಾದರೂ ಆ ದಿನ ತಮ್ಮ ವೇಗವನ್ನು ಬಿಟ್ಟುಕೊಟ್ಟು ಹೊಸಬರ ವೇಗಕ್ಕೆ ಓಡುತ್ತಾರೆ.

ಜಗತ್ತಿನಲ್ಲೇ ಹೆಸರಾದ ಉದಾಹರಣೆ ಲಂಡನ್ನಿನದು. ಪಾಲ್ ಸಿಂಟನ್-ಹ್ಯೂಯಿಟ್ ಎಂಬ ಓಟಗಾರರಿಗೆ ಪೆಟ್ಟಾಗಿ ಓಡಲಾಗುತ್ತಿರಲಿಲ್ಲ. ಆದರೂ ಗೆಳೆಯರ ಒಡನಾಟ ಬಿಡಲು ಮನಸ್ಸಾಗದೆ, 2004ರ ಅಕ್ಟೋಬರ್ 2ರಂದು ಬುಷಿ ಪಾರ್ಕಿನಲ್ಲಿ 5 ಕಿ.ಮೀ. ಓಟವೊಂದನ್ನು ಏರ್ಪಡಿಸಿದರು. ಅಂದು ಓಡಿದವರು 13 ಮಂದಿ. ಇಂದು 'ಪಾರ್ಕ್‌ರನ್' ಎಂಬ ಹೆಸರಿನಲ್ಲಿ ಅದು 20ಕ್ಕೂ ಹೆಚ್ಚು ದೇಶಗಳಲ್ಲಿ ಶನಿವಾರ ಬೆಳಿಗ್ಗೆ ನಡೆಯುತ್ತದೆ. ಶುಲ್ಕವಿಲ್ಲ. ಸಮಯ ಬರೆದುಕೊಳ್ಳುವವರು, ತಿರುವಿನಲ್ಲಿ ನಿಂತು ದಾರಿ ತೋರಿಸುವವರು ಎಲ್ಲರೂ ಸ್ವಯಂಸೇವಕರು. ಅವರಲ್ಲಿ ಒಬ್ಬರ ಕೆಲಸ ಎಲ್ಲರಿಗಿಂತ ಹಿಂದೆ ನಡೆಯುವುದು. ಆದ್ದರಿಂದ ಅಲ್ಲಿ ಮೊದಲ ಸಲ ಬಂದ ಅಜ್ಜಿಯೂ 'ನಾನೇ ಕೊನೆ' ಎಂದು ನಾಚಬೇಕಾಗಿಲ್ಲ.

ಈ ಪದ್ಧತಿ ನಮಗೆ ಹೊಸದೇನಲ್ಲ. ಪ್ರಯಾಣದಲ್ಲಿ ಪ್ರವಾದಿ(ಸ)ರವರು ತಂಡದ ಹಿಂದೆ ಉಳಿದು ದುರ್ಬಲರನ್ನು ಮುನ್ನಡೆಸುತ್ತಿದ್ದರು, ನಡೆಯಲಾಗದವರನ್ನು ತಮ್ಮ ಸವಾರಿಯ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ದುಆ ಮಾಡುತ್ತಿದ್ದರು ಎಂದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಅವರು ಹ. ಆಯಿಶಾ(ರ)ರವರ ಜೊತೆ ಓಟದ ಪಂದ್ಯ ಆಡಿದ್ದೂ ಅದೇ ಸಂಗ್ರಹದಲ್ಲಿದೆ. ದಾರಿಯಲ್ಲಿ ಬಿದ್ದ ಮುಳ್ಳು ಕಲ್ಲು ಸರಿಸುವುದು ಸದಕವೆಂದು ನಾವು ಮದ್ರಸಾದಲ್ಲೇ ಕಲಿತಿದ್ದೇವೆ. ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು ಗಾಜಿನ ಚೂರು ಹೆಕ್ಕುವ ಹಳೆಯ ಸದಸ್ಯರು ಆ ಪುಣ್ಯವನ್ನು ದಿನವೂ ಗಳಿಸುತ್ತಾರೆ.

ಸಮುದಾಯದ ಸಣ್ಣ ಕೂಟವೊಂದು ಏನು ಮಾಡಬಲ್ಲದು ಎಂಬುದಕ್ಕೆ ಫೌಜಾ ಸಿಂಗ್ ಸಾಕ್ಷಿ. ಜಲಂಧರ್ ಬಳಿಯ ಬಿಯಾಸ್ ಹಳ್ಳಿಯ ಈ ರೈತ ಮಗನ ಸಾವಿನ ದುಃಖದಲ್ಲಿದ್ದವರು. ಲಂಡನ್ನಿಗೆ ಹೋಗಿ, 80 ದಾಟಿದ ಮೇಲೆ ಓಟಕ್ಕೆ ಇಳಿದರು. ಹರ್ಮಂದರ್ ಸಿಂಗ್ ಎಂಬ ತರಬೇತುದಾರರು ಅವರನ್ನು ತಿದ್ದಿದರು. 2011ರಲ್ಲಿ ಟೊರೊಂಟೊದಲ್ಲಿ ಪೂರ್ಣ ಮ್ಯಾರಥಾನ್ ಮುಗಿಸಿದಾಗ ಪಾಸ್‌ಪೋರ್ಟ್ ಪ್ರಕಾರ ಅವರ ವಯಸ್ಸು 100. ಅವರ ಕಾಲಿಗೆ ಬಲವಿತ್ತು, ನಿಜ. ಆದರೆ ಆ ವಯಸ್ಸಿನವರಿಗೆ ಎಷ್ಟು ಓಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಲು ಪಕ್ಕದಲ್ಲಿ ಅನುಭವಿಗಳೂ ಬೇಕು.

ಈ 'ಎಷ್ಟು' ಎಂಬುದು ಯುನಾನಿ ವೈದ್ಯದ ಮುಖ್ಯ ಪ್ರಶ್ನೆ. ಆರೋಗ್ಯ ಕಾಪಾಡುವ ಆರು ಅಗತ್ಯಗಳಲ್ಲಿ, ಅಂದರೆ ಅಸ್ಬಾಬೆ ಸಿತ್ತಾ ಝರೂರಿಯಾದಲ್ಲಿ, ದೇಹದ ಚಲನೆ ಮತ್ತು ವಿಶ್ರಾಂತಿ ಒಂದು ಜೋಡಿ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್'ನಲ್ಲಿ ರಿಯಾಝತ್, ಅಂದರೆ ವ್ಯಾಯಾಮಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ವ್ಯಾಯಾಮಕ್ಕೆ ಮೊದಲು ಮೈಯನ್ನು ಸಿದ್ಧಪಡಿಸುವ ಮಾಲೀಶು, ಮುಗಿದ ಮೇಲೆ ದಣಿವು ಕಳೆಯುವ ಮಾಲೀಶು ಎಂದು ಎರಡನ್ನೂ ವಿವರಿಸಿದ್ದಾರೆ. ವ್ಯಾಯಾಮ ಮಾಡುವವನ ಮೈಬಣ್ಣ ಮತ್ತು ಚಲನೆಯನ್ನು ಗಮನಿಸಬೇಕು ಎಂಬುದೂ ಅವರದೇ ಮಾತು. ಓಡುವವನಿಗೆ ತನ್ನ ಮುಖ ಕಾಣುವುದಿಲ್ಲ. ಬಿಳಿಚಿಕೊಂಡಿದ್ದು, ಹೆಜ್ಜೆ ತಪ್ಪುತ್ತಿರುವುದು ಪಕ್ಕದವರಿಗೇ ಮೊದಲು ಕಾಣುವುದು. 'ಭಾಯಿ, ಇವತ್ತು ಸಾಕು' ಎನ್ನುವ ಹಿರಿಯರು ಇದ್ದರೆ ಎಷ್ಟೋ ಅಪಾಯ ತಪ್ಪುತ್ತದೆ.

ನಮ್ಮ ಕೋಟೆಯಲ್ಲಿ ಇಂಥ ಕೂಟ ಕಟ್ಟಲು ಮೂರು ಜನ ಸಾಕು. ಬೆಳಗಿನ ನಡಿಗೆಯನ್ನು ವರ್ಷಗಳಿಂದ ಬಿಡದವರು ಪ್ರತಿ ಮೊಹಲ್ಲಾದಲ್ಲೂ ಒಬ್ಬಿಬ್ಬರು ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟು:

• ವಾರಕ್ಕೆ ಒಂದು ದಿನ ನಿಮ್ಮ ವೇಗ ಬಿಟ್ಟು ಹೊಸಬರ ಜೊತೆ ನಡೆಯಿರಿ. ಎರಡು ದಿನ ಬರದವರಿಗೆ ಫೋನ್ ಮಾಡಿ.

• ಬೆಳಕು ಹರಿದ ಮೇಲೆಯೇ ಹೊರಡಿ. ನಮ್ಮದು ಕಾಡಂಚಿನ ತಾಲ್ಲೂಕು, ಕತ್ತಲಲ್ಲಿ ಕಾಡಿನ ಕಡೆಯ ರಸ್ತೆ ಬೇಡವೇ ಬೇಡ. ವಾಹನ ಓಡಾಡುವ ರಸ್ತೆಗಿಂತ ಶಾಲೆ, ಕಾಲೇಜಿನ ಮೈದಾನ ಲೇಸು. ಮಣ್ಣುನೆಲ ಮಂಡಿಗೂ ಹಿತ.

• ಹೊಸಬರು ಮೊದಲ ತಿಂಗಳು ನಡೆಯಲಿ. ಆಮೇಲೆ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ. ಓಡುವಾಗ ಪಕ್ಕದವರೊಡನೆ ಮಾತಾಡಲು ಆಗುತ್ತಿರಬೇಕು. ಮಾತು ನಿಂತರೆ ವೇಗ ಹೆಚ್ಚಾಯಿತೆಂದು ಅರ್ಥ.

• 40 ದಾಟಿದವರು, ಸಕ್ಕರೆ ಅಥವಾ ಬಿಪಿ ಇರುವವರು, ಓಟಕ್ಕೆ ಮೊದಲು ವೈದ್ಯರನ್ನು ಕಂಡು ಬಿಪಿ, ಸಕ್ಕರೆ, ಇಸಿಜಿ ಮಾಡಿಸಿ. ಓಡುತ್ತಿದ್ದೇನೆಂದು ಮಾತ್ರೆ ನಿಲ್ಲಿಸಬೇಡಿ.

• ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರ ಜೇಬಿನಲ್ಲಿ ನಾಲ್ಕು ಖರ್ಜೂರ ಇರಲಿ. ಕೈ ನಡುಕ, ತಣ್ಣನೆ ಬೆವರು ಬಂದರೆ ನಿಂತು ತಿನ್ನಿ. ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ. ಸಣ್ಣ ಗುಳ್ಳೆಯನ್ನೂ ಕಡೆಗಣಿಸಬೇಡಿ.

• ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ತಲೆಸುತ್ತು ಬಂದರೆ ಗ್ಯಾಸ್ ಎಂದುಕೊಂಡು ಮನೆಗೆ ಹೋಗಬೇಡಿ. ಜೊತೆಗಿರುವವರು 108ಕ್ಕೆ ಕರೆ ಮಾಡಿ.

ಮನೆಯ ಹೆಣ್ಣುಮಕ್ಕಳನ್ನು ಮರೆಯಬಾರದು. ಒಬ್ಬಳೇ ಹೊರಡಲು ಹಿಂಜರಿಯುವ ಸೊಸೆ, ಪಕ್ಕದ ಮನೆಯ ಖಾಲಾ ಬಾಗಿಲು ತಟ್ಟಿದರೆ ಹೊರಡುತ್ತಾಳೆ. ಐದಾರು ಮಂದಿ ಸೇರಿದರೆ ಅವರದೇ ಒಂದು ಕೂಟ. ಸಡಿಲವಾದ ಹತ್ತಿ ಬಟ್ಟೆ, ಹತ್ತಿಯ ಹಿಜಾಬ್, ಕಾಲಿಗೆ ಹಿಡಿಸುವ ಶೂ ಸಾಕು. ಉಮ್ರಾ, ಹಜ್ಜ್‌ಗೆ ಹೊರಡುವವರಿಗೆ ಇದು ತಯಾರಿಯೂ ಹೌದು. ಸಫಾ ಮತ್ತು ಮರ್ವಾ ನಡುವಿನ ಏಳು ಸುತ್ತು ಸಯೀ ಮಾತ್ರವೇ 3 ಕಿ.ಮೀ.ಗೂ ಹೆಚ್ಚಾಗುತ್ತದೆ.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಅಥವಾ 75 ನಿಮಿಷ ಓಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಅರ್ಧ ಗಂಟೆಯೂ ಆಗದು. ಸ್ವಲ್ಪವೇ ಆದರೂ ಬಿಡದೆ ಮಾಡುವ ಕರ್ಮ ಅಲ್ಲಾಹನಿಗೆ ಹೆಚ್ಚು ಇಷ್ಟವೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಈ ಜುಮಾ ನಮಾಝ್ ಮುಗಿದ ಮೇಲೆ ನಿಮ್ಮ ಸಫ್‌ನಲ್ಲಿ ಪಕ್ಕದಲ್ಲಿದ್ದವರನ್ನು ಕೇಳಿ ನೋಡಿ: ನಾಳೆ ಫಜ್ರ್ ನಂತರ ಮೈದಾನಕ್ಕೆ ಬರುತ್ತೀರಾ?