ಅಚ್ಚಾದ ಪುಟದೊಳಗಿನ ಕವಿತೆ

ಅಚ್ಚಾದ ಪುಟದ ಮೇಲೆ ಬಣ್ಣ ಬಳಿದು, ಬೇಕಾದ ಪದಗಳನ್ನಷ್ಟೇ ಉಳಿಸಿ ಕವಿತೆ ಮಾಡುವುದನ್ನು ಹಲವರು ಮಕ್ಕಳಾಟ ಎನ್ನುತ್ತಾರೆ. ನನಗದು ಓದಿನ ಕಠಿಣ ಅಭ್ಯಾಸವಾಗಿ ಕಾಣುತ್ತದೆ, ಕನ್ನಡದಲ್ಲಂತೂ ಇನ್ನೂ ಹೆಚ್ಚು. ಇಂಗ್ಲೆಂಡಿನ ಕಲಾವಿದ ಟಾಮ್ ಫಿಲಿಪ್ಸ್ 1966ರಲ್ಲಿ ಮೂರು ಪೆನ್ಸ್‌ ಕೊಟ್ಟು 1892ರ ಹಳೆಯ ಕಾದಂಬರಿಯೊಂದನ್ನು ಕೊಂಡು, ಅದರ ಪುಟಪುಟದ ಮೇಲೂ ಚಿತ್ರ ಬಿಡಿಸಿ 'ಎ ಹ್ಯೂಮ್ಯುಮೆಂಟ್' ಮಾಡಿದರು. ಅದೇ ಪುಟಗಳನ್ನು ಮತ್ತೆ ಮತ್ತೆ ಹೊಸದಾಗಿ ಮಾಡುತ್ತಾ ಕೊನೆಯ ಆವೃತ್ತಿ ತಂದದ್ದು 2016ರಲ್ಲಿ. ಮಕ್ಕಳಾಟಕ್ಕೆ ಯಾರೂ ಐವತ್ತು ವರ್ಷ ಕೊಡುವುದಿಲ್ಲ. ಅಕ್ಷರಗಳನ್ನು ಚಿತ್ರವಾಗಿ ಜೋಡಿಸುವುದು ನಮಗೂ ಹೊಸತಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲೇ ಚಿತ್ರಕಾವ್ಯದ ಮಾತು ಬರುತ್ತದೆ.

ಪತ್ರಿಕೆಯಲ್ಲಿ ಹೀಗೊಂದು ಪ್ರಕಟಣೆ ಇದೆಯೆನ್ನಿ: 'ಹೆಬ್ಬಾಳ ಕೆರೆಯ ಪಕ್ಕದ ರಸ್ತೆಯಲ್ಲಿ ನೀರು ನಿಂತಿರುವುದರಿಂದ ವಾಹನಗಳು ಬೆಳಗಿನ ಹೊತ್ತು ನಿಧಾನವಾಗಿ ಸಾಗಬೇಕು.' ಮೊದಲು ಪೆನ್ಸಿಲ್ಲಿನಿಂದ ಪದಗಳನ್ನು ಸುತ್ತುಹಾಕಿ, ಆಮೇಲೆ ಉಳಿದದ್ದಕ್ಕೆ ಮಸಿ ಬಳಿದರೆ 'ಕೆರೆಯ ನೀರು ಬೆಳಗಿನ ಹೊತ್ತು ನಿಧಾನ' ಎಂಬ ಸಾಲು ಎದ್ದು ಬರುತ್ತದೆ. ಇಲ್ಲಿ 'ನಿಧಾನವಾಗಿ' ಪದದ ಬಾಲ ಮುಚ್ಚಬೇಕಾಯಿತು. ಕನ್ನಡದ ಪದಕ್ಕೆ ವಿಭಕ್ತಿ, ಪ್ರತ್ಯಯಗಳು ಅಂಟಿಕೊಂಡೇ ಇರುತ್ತವೆ, ಹಾಗಾಗಿ ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ವ್ಯಾಕರಣ ಗೊತ್ತಿರಬೇಕು. ಕುಂಚ ಹಿಡಿಯುವ ಕೈಗೂ ಎಚ್ಚರ ಬೇಕು: ಒತ್ತಕ್ಷರ ಸಾಲಿನ ಕೆಳಗೆ ಇಳಿದಿರುತ್ತದೆ, ಕೆಳಸಾಲಿಗೆ ಮಸಿ ಬಳಿಯುವಾಗ ಅದು ಮುಚ್ಚಿಹೋದರೆ 'ಹೊತ್ತು' ಅರ್ಥವಿಲ್ಲದ 'ಹೊತು' ಆಗಿಬಿಡುತ್ತದೆ.

ಇನ್ನೊಬ್ಬರ ಮಾತು ಕದ್ದಂತಾಗಲಿಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಹಕ್ಕು ಮಾರಿದ ಮೇಲೂ ತಮ್ಮ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಲೇಖಕರು ಪ್ರಶ್ನಿಸಬಹುದು. ಆದ್ದರಿಂದ ಇತ್ತೀಚಿನವರ ಬರಹವಾದರೆ ಅನುಮತಿ ಕೇಳಬೇಕು, ಮೂಲವನ್ನಂತೂ ಹೆಸರಿಸಲೇಬೇಕು. 1913ರಲ್ಲಿ ತೀರಿಕೊಂಡ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿಗೆ (1899) ಈ ತೊಡಕಿಲ್ಲ. ಪುಸ್ತಕ ಹಾಳಾಗುತ್ತದೆ ಎನ್ನುವವರ ಮಾತು ಪೂರ್ತಿ ಸರಿ. ಅಪರೂಪದ ಪ್ರತಿಗೆ ಮಸಿ ತಾಗಿಸುವುದು ತಪ್ಪೇ. ಜೆರಾಕ್ಸ್ ಪುಟವೋ ರದ್ದಿ ಪೇಪರೋ ಸಾಕು. ಸ್ವಂತ ಪದವಿಲ್ಲದೆ ಕವಿತೆಯೇ ಎಂದು ಕೇಳುವವರು ಒಮ್ಮೆ ಪ್ರಯತ್ನಿಸಲಿ: ಪದಗಳ ಅನುಕ್ರಮ ಬದಲಿಸುವಂತಿಲ್ಲ, ಇಲ್ಲದ ಪದ ತರುವಂತಿಲ್ಲ.

ಇದನ್ನು ಶಾಲೆಯಲ್ಲೇ ಶುರುಮಾಡಬಹುದು. ಬೆಂಗಳೂರಿನ ಯಲಹಂಕ ಉಪನಗರವನ್ನೇ ನೋಡಿ: ಅಲ್ಲಿ ಸೃಷ್ಟಿಯಂಥ ಕಲಾ ಸಂಸ್ಥೆಯಿದೆ, ಸುತ್ತಮುತ್ತ ಕನ್ನಡ ಶಾಲೆಗಳಿವೆ. ಚಿತ್ರಕಲಾ ಮೇಷ್ಟ್ರೂ ಕನ್ನಡ ಮೇಷ್ಟ್ರೂ ಒಂದು ಪೀರಿಯಡ್ ಒಟ್ಟಿಗೆ ಕೂತು, ಮಕ್ಕಳ ಕೈಗೆ ಹಳೆಯ ಕನ್ನಡ ಪತ್ರಿಕೆಯ ಹಾಳೆಯನ್ನೂ ಪೆನ್ಸಿಲ್ಲನ್ನೂ ಕೊಡಲಿ.