ಆಮೆಗೂಡಿನ ಎರಡು ತಾರೀಖು

ಜನವರಿಯಿಂದ ಏಪ್ರಿಲ್‌ವರೆಗೆ ಚೆನ್ನೈನ ನೀಲಾಂಕರೈ ಮತ್ತು ಬೆಸೆಂಟ್ ನಗರದ ನಡುವಿನ ಕಡಲದಂಡೆಯಲ್ಲಿ ನಡುರಾತ್ರಿ ಒಂದು ಗುಂಪು ನಡೆಯುತ್ತಿರುತ್ತದೆ. ಮೊಟ್ಟೆಯಿಡಲು ದಡಕ್ಕೆ ಬರುವ ಆಲಿವ್ ರಿಡ್ಲೆ ಕಡಲಾಮೆಗಳನ್ನು ಹುಡುಕುವ ಈ ನಡಿಗೆ 1970ರ ದಶಕದ್ದು. 1988ರಿಂದ ಅದನ್ನು ನಡೆಸಿಕೊಂಡು ಬಂದಿರುವುದು ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್ ಎಂಬ ಸ್ವಯಂಸೇವಕರ ಬಳಗ.

ಮರಳ ಮೇಲೆ ಟ್ರ್ಯಾಕ್ಟರ್ ಗಾಲಿ ಹಾದಂಥ ಗುರುತು ಕಂಡರೆ ಆಮೆ ಬಂದುಹೋಗಿದೆ ಎಂದರ್ಥ. ಗುರುತು ಮುಗಿದಲ್ಲಿ ಕೋಲಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಕೋಲು ಸಲೀಸಾಗಿ ಇಳಿದ ಕಡೆ ಕೈಯಲ್ಲೇ ಮರಳು ತೆಗೆದರೆ ಸುಮಾರು ಒಂದು ಮೊಳ ಆಳದ ಹೂಜಿಯಾಕಾರದ ಗೂಡು, ಅದರಲ್ಲಿ ನೂರರ ಆಸುಪಾಸು ಮೊಟ್ಟೆ. ನಾಯಿಗಳ ಬಾಯಿಗೆ ಸಿಗದಂತೆ ಅವನ್ನು ಹ್ಯಾಚರಿಗೆ, ಅಂದರೆ ಮರಿಯಾಗುವವರೆಗೆ ಮೊಟ್ಟೆಗಳನ್ನು ಕಾಪಾಡುವ ಜಾಗಕ್ಕೆ ಸಾಗಿಸಿ, ಅಷ್ಟೇ ಆಳದಲ್ಲಿ ಹೂಳಿ, ತಾರೀಖು ಬರೆದಿಡುತ್ತಾರೆ. ಸುಮಾರು ಒಂದೂವರೆ ತಿಂಗಳ ನಂತರ ಮರಿಗಳು ಮೇಲೆದ್ದಾಗ ಇನ್ನೊಂದು ತಾರೀಖು.

ಈ ಎರಡು ತಾರೀಖುಗಳು ಥರ್ಮಾಮೀಟರಿನ ಕೆಲಸ ಮಾಡುತ್ತವೆ. ಮರಳು ಬಿಸಿಯಾದಷ್ಟೂ ಮೊಟ್ಟೆ ಬೇಗ ಒಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಡಲಾಮೆಯ ಲಿಂಗವನ್ನು ವರ್ಣತಂತುಗಳು ನಿರ್ಧರಿಸುವುದಿಲ್ಲ; ಕಾವಿನ ನಡುವಿನ ಮೂರನೇ ಒಂದು ಭಾಗದ ಅವಧಿಯಲ್ಲಿ ಗೂಡು ಎಷ್ಟು ಬೆಚ್ಚಗಿತ್ತು ಎಂಬುದು ನಿರ್ಧರಿಸುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಡು-ಹೆಣ್ಣು ಸರಿಸಮ. ಅದಕ್ಕಿಂತ ತಂಪಿದ್ದರೆ ಗಂಡು ಹೆಚ್ಚು, ಬಿಸಿಯಿದ್ದರೆ ಹೆಣ್ಣು. ಬಿಸಿ ಇನ್ನೂ ಏರಿದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಈಗಷ್ಟೇ ಹುಟ್ಟಿದ ಮರಿ ಗಂಡೋ ಹೆಣ್ಣೋ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಹಾಗಾಗಿ ಕಾವಿನ ದಿನಗಳ ಲೆಕ್ಕಕ್ಕೆ ಇಷ್ಟು ಬೆಲೆ.

ಬಿಸಿ ಏರಿದರೆ ಈ ಲೆಕ್ಕ ಎಷ್ಟು ವಾಲಬಹುದು ಎಂಬುದಕ್ಕೆ ಒಂದು ಉದಾಹರಣೆಯಿದೆ: ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ಹುಟ್ಟಿದ ಹಸಿರು ಕಡಲಾಮೆಗಳ ಎಳೆಯ ಪೀಳಿಗೆಯಲ್ಲಿ ಶೇ 99ರಷ್ಟು ಹೆಣ್ಣೇ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು, ನಿಜ. ಆದರೆ ಶೇ 99 ನಿದ್ದೆಗೆಡಿಸುವ ಅಂಕಿ.

ಚೆನ್ನೈನ ತಾರೀಖುಗಳನ್ನು ಓದುವಾಗಲೂ ಎಚ್ಚರ ಬೇಕು. ಹ್ಯಾಚರಿಯ ಮರಳು ಆಮೆ ತಾನೇ ಆರಿಸಿಕೊಂಡ ಜಾಗದ್ದಲ್ಲ. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಒಂದು ವರ್ಷದ ದಾಖಲೆಯಿಂದ ಏನೂ ಹೇಳಲಾಗದು, ಮಳೆ-ಮೋಡಗಳಿಂದಲೂ ಮರಳಿನ ಬಿಸಿ ಏರಿಳಿಯುತ್ತದೆ. ದಶಕಗಟ್ಟಲೆ ಬಿಡದೆ ಬರೆದಾಗಲೇ ಹವಾಮಾನದ ಓಟ ಕಾಣುವುದು. ಸಂಬಳದ ಸಿಬ್ಬಂದಿಯನ್ನಿಟ್ಟು ಅಷ್ಟು ರಾತ್ರಿಗಳ ಕೆಲಸ ಮಾಡಿಸುವುದು ಸುಲಭವಲ್ಲ; ಸ್ವಯಂಸೇವಕರು ಬೇಕಾಗುವುದು ಅದಕ್ಕೇ. ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವ ನಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಇಂಥ ಲೆಕ್ಕ ವರ್ಷ ತಪ್ಪದೆ ಬೇಕು.

ಬಿಸಿ ಮಿತಿಮೀರಿದ ಕಡೆ ಹ್ಯಾಚರಿಗೆ ನೆರಳು ಕಟ್ಟಿ ಮರಳನ್ನು ತಂಪಾಗಿಸುವ ಉಪಾಯ ಈಗಾಗಲೇ ಬಳಕೆಯಲ್ಲಿದೆ. ನೆರಳು ಅತಿಯಾದರೆ ಬರೀ ಗಂಡುಮರಿಗಳು ಹುಟ್ಟುವ ಅಪಾಯವೂ ಇದೆ. ಯಾವ ತಿಂಗಳಲ್ಲಿ ಎಷ್ಟು ನೆರಳು ಸಾಕು ಎಂಬುದನ್ನು ಆಯಾ ದಂಡೆಯ ದಾಖಲೆಗಳಿಂದಲೇ ಕಂಡುಕೊಳ್ಳಬೇಕು.